ಕಾಜಾ ಕೋಣೆಯ ಗಾಡಿಯವನು

ಕೋಟು ಹೊಲಿಯುವ ಆ ಕಾರ್ಖಾನೆಯ ಮೂರನೆಯ ಮಹಡಿಯಲ್ಲಿ ಯಂತ್ರಗಳಿಲ್ಲ. ಕೆಳಗಿನ ಎರಡು ಮಹಡಿಗಳು ಹಗಲೆಲ್ಲ ಗಡಗಡ ಎನ್ನುತ್ತಿದ್ದರೆ, ಇಲ್ಲಿ ಇಪ್ಪತ್ತೆರಡು ಹೆಂಗಸರು ಎರಡು ಉದ್ದ ಮೇಜುಗಳ ಸುತ್ತ ಕೂತು ಗುಂಡಿ ತೂರುವ ಕಂಡಿಗೆ ಕೈಯಲ್ಲೇ ದಾರ ಸುತ್ತಿ ಕಾಜಾ ಹಾಕುತ್ತಾರೆ, ಗುಂಡಿ ಹೊಲಿಯುತ್ತಾರೆ. ದುಬಾರಿ ಕೋಟಿಗೆ ಯಂತ್ರದ ಕಾಜಾ ಒಪ್ಪುವುದಿಲ್ಲವಂತೆ. ಕೊಳ್ಳುವವರು ಕಾಜಾವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರಂತೆ. ನೋಡಲಿ, ಅವರಿಗೆ ಕಾಣುವುದು ದಾರ ತಾನೆ, ಬೆರಳಲ್ಲವಲ್ಲ.

ಕಾಜಾ ಹಾಕುವುದಕ್ಕೆ ಕಣ್ಣು ಬೇಕು, ಬೆರಳು ಬೇಕು, ಕಿವಿ ಬೇಕಿಲ್ಲ. ಸುಮ್ಮನೆ ಬಿದ್ದಿರುವ ಆ ಕಿವಿಗಳಿಗಾಗಿ ಅಲ್ಲೊಂದು ಹಳೆಯ ಪದ್ಧತಿ ಇದೆ. ಊಟಕ್ಕೆ ಮೊದಲು ಒಂದು ಗಂಟೆ, ಊಟವಾದ ಮೇಲೆ ಒಂದು ಗಂಟೆ, ಒಬ್ಬಳು ಕಿಟಕಿ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಪುಸ್ತಕ ಓದುತ್ತಾಳೆ. ಆ ಎರಡು ಗಂಟೆಯಲ್ಲಿ ಅವಳು ಹಾಕಬೇಕಾಗಿದ್ದ ಕಾಜಾಗಳನ್ನು ಉಳಿದ ಇಪ್ಪತ್ತೊಂದು ಜನ ಹಂಚಿಕೊಂಡು ಹಾಕುತ್ತಾರೆ. ಸಂಜೆಗೆ ಕೋಟುಗಳು ಲೆಕ್ಕಕ್ಕೆ ಸರಿಯಾಗಿ ಕೆಳಗಿಳಿದರೆ ಸೂಪರ್‌ವೈಸರ್ ತುಟಿ ಪಿಟಕ್ಕೆನ್ನುವುದಿಲ್ಲ. ಅಂದರೆ ಸ್ಟೂಲಿನ ಮೇಲೆ ಕೂತವಳು ನಿಜವಾಗಿ ಕೂತಿರುವುದು ಇಪ್ಪತ್ತೊಂದು ಜನರ ಬೆರಳುಗಳ ಮೇಲೆ.

ಹನ್ನೊಂದು ವರ್ಷದಿಂದ ಅಲ್ಲಿ ಕೂತಿದ್ದವಳನ್ನು ಎಲ್ಲರೂ ಓದಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಓದಕ್ಕನ ಅಪ್ಪ ಮನೆಗಳಿಗೆ ಸುಣ್ಣ ಹೊಡೆಯುವವನು. ಮಗಳು ಕಪ್ಪು. ಎಣ್ಣೆಗೆಂಪು, ಗೋಧಿ ಬಣ್ಣ ಎಂದು ಸುತ್ತಿ ಬಳಸಿ ಹೇಳುವ ಕಪ್ಪಲ್ಲ, ನೇರವಾದ ಕಪ್ಪು. ಬೀದಿಯವರಿಗೆ ಇದಕ್ಕಿಂತ ಅಗ್ಗದ ತಮಾಷೆ ಎಲ್ಲಿ ಸಿಗಬೇಕು? "ಊರಿನ ಗೋಡೆಗೆಲ್ಲ ಸುಣ್ಣ ಹೊಡೀತೀಯಲ್ಲಪ್ಪ, ಮಗಳಿಗೊಂದು ಕೈ ಹೊಡೆಯೋಕಾಗ್ಲಿಲ್ವಾ?" ಎನ್ನುತ್ತಿದ್ದರು. ಅಪ್ಪ ಹಲ್ಲು ಬಿಟ್ಟು ನಗುತ್ತಿದ್ದ. ನಗದೆ ಏನು ಮಾಡಿಯಾನು? ನಾಳೆ ಅವರದೇ ಗೋಡೆಗೆ ಏಣಿ ಇಡಬೇಕು. ಆದರೆ ಅಪ್ಪನ ಆ ನಗುವನ್ನು ಕಂಡಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ತಮಾಷೆ ಮಾಡಿದವರಿಗಿಂತ ಹೆಚ್ಚಾಗಿ ಆ ನಗುವಿನ ಮೇಲೆ ಅವಳಿಗೆ ಸಿಟ್ಟು.

ಶಾಲೆಯ ನಾಟಕದಲ್ಲಿ ಅವಳಿಗೆ ಎರಡೇ ದಾರಿಗಳಿದ್ದವು. ಒಂದು ರಾಕ್ಷಸಿಯ ಪಾತ್ರ, ಇನ್ನೊಂದು ಪರದೆಯ ಹಿಂದೆ ನಿಂತು ಕಥೆ ಓದುವ ಕೆಲಸ. ಅವಳು ಪರದೆಯ ಹಿಂದೆ ಹೋದಳು. ಆ ದನಿಯನ್ನು ಕೇಳಿ ಹಿಂದಿನ ಸಾಲಿನವರು ಯಾರದು, ಯಾರದು ಎಂದು ಕತ್ತು ಉದ್ದ ಮಾಡಿದರಂತೆ. ಅವಳಿಗೆ ದನಿ ಇದೆ ಎಂದು ಅವಳಿಗೇ ಗೊತ್ತಾದದ್ದು ಅವತ್ತು.

ವಯಸ್ಸಿಗೆ ಬಂದಾಗ ಹೆಣ್ಣು ನೋಡಲು ಏಳು ಕಡೆಯವರು ಬಂದು, ಮನೆಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದು ಹೊರಟವರು, ಇವತ್ತಿಗೂ ಹೇಳಿ ಕಳಿಸಿಲ್ಲ. ಎಂಟನೆಯವರು ಬಂದಾಗ ಹುಡುಗನ ತಾಯಿ ಅವಳ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. "ಬಣ್ಣ ನೋಡೋಕೆ ಬಂದಿದ್ರೆ ಬಟ್ಟೆ ಅಂಗಡಿಗೆ ಹೋಗ್ಬೇಕಿತ್ತು. ಅಲ್ಲಿ ಹೊರಗೆ ಬಿಸಿಲಿಗೆ ತಂದೂ ತೋರಿಸ್ತಾರೆ" ಎಂದು ಓದಕ್ಕ ಕೈ ಎಳೆದುಕೊಂಡಳು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಅಣ್ಣ ಅತ್ತಿಗೆಯ ಮನೆಯಲ್ಲಿ ಕಿಟಕಿಯಿರುವ ಒಂದು ಕೋಣೆ, ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಒಂದು ಸ್ಟೂಲು. ಇಷ್ಟು ಸಾಕು ಎಂದು ಅವಳು ತೀರ್ಮಾನಿಸಿದಳು, ಮತ್ತೆ ಯಾರ ಹತ್ತಿರವೂ ಅದನ್ನು ಚರ್ಚೆಗೆ ಇಡಲಿಲ್ಲ.

ಪುಸ್ತಕಗಳನ್ನು ತಂದುಕೊಡುತ್ತಿದ್ದವರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಊರಿನ ಗ್ರಂಥಾಲಯದ ಓದುಗರ ಬಳಗವನ್ನು ನಡೆಸುತ್ತಿದ್ದರು. ತಿಂಗಳಿಗೊಮ್ಮೆ ಚೀಲ ಹೊತ್ತು ಮೂರು ಮಹಡಿ ಹತ್ತಿ ಬರುತ್ತಿದ್ದ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯ ಎಂದು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಮೊಣಕಾಲು ನೋವಿದ್ದರೂ ಹತ್ತುತ್ತಿದ್ದರು. ಆ ವರ್ಷ ಅವರು ತಂದದ್ದು ದಪ್ಪನೆಯ ಒಂದು ಅನುವಾದ. ಅಮೆರಿಕದ ಹಳೆಯ ಕಾದಂಬರಿ, ಅಲ್ಲಿ ಶಾಲೆಗಳಲ್ಲಿ ಓದಿಸುತ್ತಾರಂತೆ, ಲೋಕವೆಲ್ಲ ಹೊಗಳಿದೆಯಂತೆ.

"ಕರಿಯರ ಮೇಲೆ ಇಷ್ಟು ಕರುಣೆ ಇರೋ ಪುಸ್ತಕ ಇನ್ನೊಂದಿಲ್ಲಮ್ಮ. ಓದ್ತಾ ಓದ್ತಾ ಅಳ್ತೀಯ" ಎಂದರು ಮೇಷ್ಟ್ರು.

ಕಥೆ ನೂರೈವತ್ತು ವರ್ಷಕ್ಕೂ ಹಿಂದಿನ ಗುಲಾಮಗಿರಿಯ ಕಾಲದ್ದು. ಒಬ್ಬ ಬಿಳಿಯ ನ್ಯಾಯಾಧೀಶ, ಅವನ ದೊಡ್ಡ ಮನೆ, ಆ ಮನೆಗೆ ಕೊಂಡು ತಂದ ಒಬ್ಬ ಕರಿಯ ಗಾಡಿಯವನು. ಕಥೆ ಹೇಳುವವಳು ನ್ಯಾಯಾಧೀಶನ ಮಗಳು. ಹೊಳೆ ಉಕ್ಕಿದ ದಿನ ಗಾಡಿಯವನು ಅವಳನ್ನು ಉಳಿಸುತ್ತಾನೆ, ಮಾಡದ ಕಳ್ಳತನಕ್ಕೆ ಚಾಟಿಯೇಟು ತಿನ್ನುತ್ತಾನೆ, ಕೊನೆಗೆ ನ್ಯಾಯಾಧೀಶ ಪಶ್ಚಾತ್ತಾಪಪಟ್ಟು ಅವನಿಗೆ ಬಿಡುಗಡೆಯ ಕಾಗದ ಬರೆಯುತ್ತಾನೆ.

ಮೊದಲ ದಿನ ಹದಿಮೂರನೆಯ ಪುಟದಲ್ಲಿ ಗಾಡಿಯವನು ಬಂದ. "ನಮ್ಮ ಗಾಡಿಯವನು ಕೋತಿಯಂತೆ ಗಾಡಿಯ ಮೇಲಕ್ಕೆ ನೆಗೆದು, ಹಲ್ಲು ಕಿರಿದು ನಕ್ಕ" ಎಂದು ಅಲ್ಲಿ ಬರೆದಿತ್ತು. ಕಣ್ಣು ಆ ಸಾಲಿನ ಮೇಲೆ ಹರಿಯಿತು, ನಾಲಗೆ ಹರಿಯಲಿಲ್ಲ. ಓದಕ್ಕನಿಗೆ ಅಪ್ಪನ ನಗು ಕಂಡಿತು. "ಗಾಡಿಯವನು ಗಾಡಿ ಹತ್ತಿ ಕೂತು ಲಗಾಮು ಹಿಡಿದ" ಎಂದು ಓದಿ ಮುಂದೆ ಹೋದಳು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಒಂದು ಸಲ ಗೊತ್ತಾಗದಿದ್ದರೆ ಎರಡನೆಯ ಸಲಕ್ಕೆ ಧೈರ್ಯ ಬರುತ್ತದೆ. ಪುಸ್ತಕದ ಗಾಡಿಯವನು ದೆವ್ವಕ್ಕೆ ಹೆದರಿ ಮಂಚದಡಿ ತೂರಿದರೆ, ಓದಕ್ಕನ ಗಾಡಿಯವನು ಕಂದೀಲು ಹಿಡಿದು ಹೊರಗೆ ಹೋಗಿ ನೋಡಿ ಬಂದ. ಪುಸ್ತಕದವನಿಗೆ ಹೆಂಡತಿ ಮಕ್ಕಳ ಸುದ್ದಿಯೇ ಇರಲಿಲ್ಲ. ಓದಕ್ಕ ಅವನಿಗೆ ಒಬ್ಬ ಹೆಂಡತಿಯನ್ನು ಕೊಟ್ಟಳು, ಸ್ವಲ್ಪ ಬಾಯಿ ಜೋರಿನವಳನ್ನು. ಪುಸ್ತಕದವನು "ಆಗಲಿ ದಣಿ" ಎನ್ನುವ ಕಡೆ ಇವನು "ಬೇಡೋಕೆ ಬಂದಿಲ್ಲ, ಹೇಳೋಕೆ ಬಂದಿದ್ದೀನಿ" ಎಂದ. ಹಾಗೆ ಮೂರು ತಿಂಗಳು, ಕಣ್ಣು ಒಂದನ್ನು ಓದಿ ಬಾಯಿ ಇನ್ನೊಂದನ್ನು ಹೇಳಿತು. ಕೊನೆಯ ಪುಟದಲ್ಲಿ ಪುಸ್ತಕದ ಗಾಡಿಯವನು ಬಿಡುಗಡೆಯ ಕಾಗದವನ್ನು ದೂಡಿ, ನ್ಯಾಯಾಧೀಶನ ಕಾಲ ಬಳಿ ಮಂಡಿಯೂರಿ, "ನಿಮ್ಮನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ ದಣಿ" ಎಂದು ಅಳುತ್ತಾನೆ. ಓದಕ್ಕನ ಗಾಡಿಯವನು "ಕಾಗದ ಕೊಡಿ. ಗಾಡಿ ಕಟ್ಟಿ ಆಗಿದೆ" ಎಂದ, ಹೆಂಡತಿಯನ್ನು ಹತ್ತಿಸಿಕೊಂಡ, ಹೊರಟುಹೋದ.

ಇಪ್ಪತ್ತೊಂದು ಸೂಜಿಗಳು ನಿಂತವು. ಆಮೇಲೆ ಕೋಣೆಯವರೆಲ್ಲ ಮೇಜು ಬಡಿದರು.

ಗಾಡಿಯವನು ಅಲ್ಲಿಗೆ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು. ಅವನು ಕೋಣೆಯಲ್ಲೇ ಉಳಿದ. ಕಾಜಾ ಕೋಣೆಯ ದೀಪಗಳು ಮಂಕಾಗಿ ವರ್ಷವಾಗಿತ್ತು, ಕಣ್ಣುರಿ ಎಂದು ಕೇಳಿ ಕೇಳಿ ಸಾಕಾಗಿತ್ತು. "ಕೇಳೋ ರೀತೀಲಿ ಕೇಳ್ಬೇಕಮ್ಮ" ಎಂದು ಸೂಪರ್‌ವೈಸರ್ ಮೂಗು ಮುರಿದಾಗ, ಎಂದೂ ತಲೆ ಎತ್ತದ ಮೂಲೆಯವಳೊಬ್ಬಳು ಸೂಜಿ ಕೆಳಗಿಟ್ಟು, "ಬೇಡೋಕೆ ಬಂದಿಲ್ಲ, ಹೇಳೋಕೆ ಬಂದಿದ್ದೀನಿ" ಎಂದುಬಿಟ್ಟಳು. ಮಾರನೆಯ ವಾರ ಹೊಸ ಟ್ಯೂಬ್‌ಲೈಟುಗಳು ಬಂದವು. ಆ ಬೆಳಕಿನಲ್ಲಿ ಕೂತು ಹೆಂಗಸರು ಅಮೆರಿಕದ ಆ ಲೇಖಕನನ್ನು ಬಾಯ್ತುಂಬ ಹೊಗಳಿದರು. ಎಂಥ ದೊಡ್ಡ ಮನಸ್ಸು, ಎಂಥ ಕಣ್ಣು ಎಂದರು. ಓದಕ್ಕ ಒಳಗೊಳಗೇ ಹಿಗ್ಗಿದಳು. ಹಿಗ್ಗಿನ ಹಿಂದೆಯೇ ಒಂದು ಅಳುಕೂ ಇತ್ತು, ಅದನ್ನು ಅವಳು ನೋಡದಂತೆ ಇದ್ದಳು.

ಅಷ್ಟರಲ್ಲಿ ಗ್ರಂಥಾಲಯಕ್ಕೆ ಯಾರೋ ಪತ್ರ ಬರೆದರು. ಈ ಕಾದಂಬರಿ ಕರಿಯರನ್ನು ಹೀನಾಯವಾಗಿ ತೋರಿಸುತ್ತದೆ, ಇದನ್ನು ಕಪಾಟಿನಿಂದ ತೆಗೆಯಬೇಕು ಎಂದು. ಮೇಷ್ಟ್ರು ನೊಂದುಕೊಂಡರು. ಭಾನುವಾರ ಮಧ್ಯಾಹ್ನ ಚರ್ಚೆ ಏರ್ಪಡಿಸಿದರು: ಈ ಕಾದಂಬರಿ ವರ್ಣಭೇದದ ಕಾದಂಬರಿಯೇ? ಮೂರು ಮಹಡಿ ಹತ್ತಿ ಬಂದು ಕಾಜಾ ಕೋಣೆಯವರನ್ನೇ ಕರೆದರು. "ದುಡಿಯೋ ಹೆಂಗಸರು ನೀವು, ಆ ಪುಸ್ತಕಾನ ಎದೆಗೆ ಹಚ್ಕೊಂಡಿದ್ದೀರಿ. ನಿಮ್ಮ ಮಾತಿಗಿಂತ ದೊಡ್ಡ ಸಾಕ್ಷಿ ಬೇಕಾ?"

ಓದಕ್ಕ ಸ್ಟೂಲಿನ ಮೇಲಿದ್ದ ಪುಸ್ತಕವನ್ನು ಎತ್ತಿ ಚೀಲದಲ್ಲಿ ಅಡಗಿಸಿದಳು.

ಬುಧವಾರ ಊಟದ ಹೊತ್ತಿಗೆ ಮೆಟ್ಟಿಲ ಬಳಿ ಚೆಕಿಂಗ್‌ನವಳು ಅವಳನ್ನು ತಡೆದಳು. ಅದೇ ಕೋಣೆಯಲ್ಲಿ ಹೊಲಿದ ಕಾಜಾಗಳನ್ನು ಪರೀಕ್ಷಿಸಿ ಸೀಮೆಸುಣ್ಣದ ಗುರುತು ಹಾಕುವುದು ಅವಳ ಕೆಲಸ. ಅಂಚೆ ಮೂಲಕ ಬಿ.ಎ. ಓದುತ್ತಿದ್ದಳು. ಭಾನುವಾರ ತಾನೂ ಮಾತಾಡಬೇಕೆಂದು ಗ್ರಂಥಾಲಯದ ಇನ್ನೊಂದು ಪ್ರತಿಯನ್ನು ತಂದು ಓದಿದ್ದಳು. ಪುಸ್ತಕದ ತುಂಬ ಗುರುತಿಗೆ ಸಿಕ್ಕಿಸಿದ ದಾರದ ತುಂಡುಗಳು.

"ಅಕ್ಕ, ಇದರಲ್ಲಿ ಗಾಡಿಯವನು ಹೋಗೋದೇ ಇಲ್ವಲ್ಲ."

ಓದಕ್ಕ ಅವಳನ್ನು ದಾಟಿ ಒಂದು ಮೆಟ್ಟಿಲು ಇಳಿದಳು.

"ಹೆಂಡತಿ ಎಲ್ಲಿ? ನಮಗೆ ದೀಪ ತಂದುಕೊಟ್ಟ ಮಾತೆಲ್ಲಿ? ನಾನು ಎರಡು ಸಲ ಹುಡುಕ್ದೆ."

"ಆ ಕೋತಿ ಅನ್ನೋ ಮಾತನ್ನ ನನ್ನ ಬಾಯಲ್ಲಿ ಹೇಳೋಕಾಗ್ಲಿಲ್ಲ ಕಣೇ" ಎಂದಳು ಓದಕ್ಕ. "ಹೇಳ್ಬೇಕಾದ ಅಗತ್ಯ ಏನಿತ್ತು? ಒಳ್ಳೇದಕ್ಕೇ ಮಾಡ್ದೆ."

"ಯಾರ ಒಳ್ಳೇದಕ್ಕೆ? ಕೋಣೇಲಿ ಎಲ್ರೂ ಆ ಲೇಖಕನ ಹೊಗಳ್ತಾ ಇದ್ದಾರೆ. ಅವನು ಬರೀದೇ ಇರೋದಕ್ಕೆ ಹೊಗಳ್ತಾ ಇದ್ದಾರೆ. ನಿಮ್ಮ ಮಾತು ನಿಮ್ಮದು, ಹೆಸರು ಅವನದು. ಬಿಟ್ಟಿ ಚಾಕರಿ ಮಾಡಿದ್ದೀರಿ ನೀವು ಅವನಿಗೆ, ಆ ಪುಸ್ತಕದ ಗಾಡಿಯವನ ಥರಾನೇ." ಅವಳ ಕಣ್ಣು ಕೆಂಪಾಗಿತ್ತು. "ಭಾನುವಾರದೊಳಗೆ ನೀವೇ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ."

ಮಾತು ಮುಖಕ್ಕೆ ಹೊಡೆದಂತಾಯಿತು. ಓದಕ್ಕನಿಗೆ ಮೊದಲು ಬಂದದ್ದು ಸಿಟ್ಟೇ. ನಿನ್ನೆ ಮೊನ್ನೆ ಬಂದ ಚೆಕಿಂಗ್‌ನವಳು ನನಗೆ ಬುದ್ಧಿ ಹೇಳುತ್ತಾಳೆಯೇ ಎಂದುಕೊಂಡಳು. ಮನೆಗೆ ನಡೆದು ಹೋಗುವಾಗ ಜ್ವರ ಎಂದು ಮಲಗಿಬಿಡಬಹುದಲ್ಲ ಎಂದೂ ಅನ್ನಿಸಿತು. ಹನ್ನೊಂದು ವರ್ಷದ ಸ್ಟೂಲು ಅದು. ಅದು ಹೋದರೆ ಅವಳಿಗೆ ಉಳಿಯುವುದೇನು? ಇನ್ನೊಬ್ಬಳ ಓದು ಕೇಳುತ್ತ ಗುಂಡಿ ಹೊಲಿಯುವುದು.

ಆದರೆ ಅಪ್ಪ ಹೇಳುತ್ತಿದ್ದ ಕಸುಬಿನ ಮಾತೊಂದು ಅವಳನ್ನು ಬಿಡಲಿಲ್ಲ. ತೇವ ಹಿಡಿದ ಗೋಡೆಗೆ ಸುಣ್ಣ ಹೊಡೆದರೆ ಮೂರು ತಿಂಗಳು ನೋಡಲು ಚೆನ್ನಾಗಿರುತ್ತದೆ, ಆಮೇಲೆ ಹಳೆಯ ಕಲೆ ಮತ್ತೆ ಮೇಲೆ ಬರುತ್ತದೆ, ಬೈಗುಳ ಮಾತ್ರ ಸುಣ್ಣದವನಿಗೆ. ಮೂರು ತಿಂಗಳು. ಅವಳಿಗೆ ನಗು ಬಂತು, ಅಪ್ಪನ ನಗುವಲ್ಲ ಅದು.

ಗುರುವಾರ ಸ್ಟೂಲು ಹತ್ತಿ, "ಇವತ್ತು ಹೊಸ ಪುಸ್ತಕ ಇಲ್ಲ" ಎಂದಳು. ಹದಿಮೂರನೆಯ ಪುಟ ತೆಗೆದು ಅಲ್ಲಿ ಇದ್ದದ್ದನ್ನು ಇದ್ದಂತೆ ಓದಿದಳು. ಮಂಚದಡಿ ತೂರಿದ್ದನ್ನು ಓದಿದಳು. ಕೊನೆಯ ಪುಟ ಓದಿದಳು, ಮಂಡಿಯೂರಿದ್ದೂ, ಅತ್ತದ್ದೂ ಎಲ್ಲ. ಆಮೇಲೆ ಪುಸ್ತಕ ಮುಚ್ಚಿ, "ನೀವು ಕೇಳಿದ್ದು ನಂದು. ಪುಸ್ತಕದಲ್ಲಿರೋದು ಇದು" ಎಂದಳು.

ಮೊದಲು ಮಾತಾಡಿದ್ದು ದೊಡ್ಡಮ್ಮ. ಅವಳು ಅಲ್ಲಿ ಎಲ್ಲರಿಗಿಂತ ಹಳಬಳು. ಸ್ಟೂಲಿನ ಮೇಲೆ ಯಾರು ಕೂರಬೇಕೆಂದು ಹೇಳುವುದು ಅವಳೇ.

"ನಿನ್ನ ಕಾಜಾ ನಾವು ಯಾಕೆ ಹಾಕಿದ್ವಿ?"

"ಪುಸ್ತಕ ಕೇಳೋಕೆ."

"ಮತ್ತೆ? ಕಹಿ ಇದ್ರೆ ಕಹಿ ಕೇಳ್ತಿದ್ವಿ. ನಮಗೆ ತಡ್ಕೊಳ್ಳೋಕಾಗಲ್ಲ ಅಂತ ನಿನಗೆ ಹೇಳಿದವರು ಯಾರು? ಇವಕ್ಕೇನು ಗೊತ್ತಾಗತ್ತೆ, ಸಿಹಿ ಮಾಡಿ ಕುಡಿಸೋಣ ಅಂದ್ಕೊಂಡೆ. ಆ ಜಡ್ಜೂ ಗಾಡಿಯವನ ವಿಚಾರದಲ್ಲಿ ಹಾಗೇ ತಾನೆ ಅಂದ್ಕೊಂಡಿದ್ದು?" ದೊಡ್ಡಮ್ಮ ಒಂದು ಸೂಜಿಗೆ ದಾರ ಪೋಣಿಸಿ ಮೇಜಿನ ತುದಿಗೆ ತಳ್ಳಿದಳು. "ಇಳಿ. ನಿನ್ನ ಕಾಜಾ ನೀನೇ ಹಾಕ್ಕೋ."

ಓದಕ್ಕ ಇಳಿದಳು. ಚೆಕಿಂಗ್‌ನವಳ ಮಾತು ಕಪಾಳಕ್ಕೆ ಬಿದ್ದಿತ್ತು, ದೊಡ್ಡಮ್ಮನದು ಎದೆಗೇ ಬಿತ್ತು. ಏಕೆಂದರೆ ಅದು ಸತ್ಯ. ಶುಕ್ರವಾರ, ಶನಿವಾರ ಸ್ಟೂಲು ಖಾಲಿಯಾಗಿತ್ತು. ಬೆರಳಿನ ತಗಡಿನ ಟೋಪಿ ಸೂಜಿಗೆ ತಾಗುವ ಸಣ್ಣ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

ಭಾನುವಾರ ಗ್ರಂಥಾಲಯದ ಮಾಳಿಗೆಯಲ್ಲಿ ಕುರ್ಚಿಗಳು ಸಾಲದೆ ಬೆಂಚು ತರಿಸಿದರು. ಕಾಜಾ ಕೋಣೆಯವರು ಹಿಂದಿನ ಎರಡು ಸಾಲುಗಳಲ್ಲಿ ಕೂತಿದ್ದರು. ಓದಕ್ಕ ತುದಿಯಲ್ಲಿ ಒಬ್ಬಳೇ. ಮೇಷ್ಟ್ರು ಚೆನ್ನಾಗಿಯೇ ಮಾತಾಡಿದರು. ಆ ಕಾಲ ಬೇರೆ, ಆ ಕಾಲದ ಭಾಷೆ ಬೇರೆ. ಕರಿಯನಿಗಾಗಿ ಕಣ್ಣೀರು ಹಾಕಿದ ಲೇಖಕನನ್ನು ವರ್ಣಭೇದದವನು ಎನ್ನುವುದು ಕೃತಘ್ನತೆ ಎಂದರು. ಚೆಕಿಂಗ್‌ನವಳು ಎದ್ದು, ದಾರ ಸಿಕ್ಕಿಸಿದ ಪುಟಗಳಲ್ಲಿ ನಾಲ್ಕನ್ನು ಓದಿ ಕೂತಳು. ಓದಕ್ಕನ ಸುದ್ದಿ ಎತ್ತಲಿಲ್ಲ. ಮೇಷ್ಟ್ರು ಮುಗುಳ್ನಕ್ಕು ಹಿಂದಿನ ಸಾಲಿನ ಕಡೆ ಕೈ ತೋರಿಸಿದರು.

"ಇದಕ್ಕೆ ಉತ್ತರ ನಮ್ಮ ಕಾಜಾ ಕೋಣೆಯವರೇ ಹೇಳ್ಲಿ. ಅವರು ಈ ಪುಸ್ತಕ ಕೇಳಿ ಮೇಜು ಬಡಿದವರು. ದೊಡ್ಡಮ್ಮ, ನೀವು ಹೇಳಿ."

ದೊಡ್ಡಮ್ಮ ಕೂತಲ್ಲಿಂದ ಏಳಲಿಲ್ಲ. "ನಮ್ಮಲ್ಲಿ ಓದೋಳು ಒಬ್ಬಳೇ" ಎಂದಳು. "ಅವಳನ್ನೇ ಕೇಳಿ."

ಸ್ಟೂಲಿನಿಂದ ಇಳಿಸಿದವಳೇ ಅವಳನ್ನು ಎಬ್ಬಿಸಿ ನಿಲ್ಲಿಸಿದಳು. ಓದಕ್ಕ ಎದ್ದಳು. ಈ ಸಲ ಮುಂದೆ ಪರದೆ ಇರಲಿಲ್ಲ.

"ಮೇಷ್ಟ್ರೇ, ಇವರು ಮೇಜು ಬಡಿದದ್ದು ಈ ಪುಸ್ತಕಕ್ಕಲ್ಲ. ನಾನು ಬದಲಾಯಿಸಿ ಓದ್ದೆ. ಗಾಡಿಯವನ ಕೈಗೆ ಕಾಗದ ಕೊಟ್ಟು ಕಳಿಸಿದ್ದು ನಾನು. ಅದು ತಪ್ಪು, ಇವರಿಗೆ ಮಾಡಿದ ತಪ್ಪು. ಲೇಖಕನಿಗೆ ಮಾಡಿದ್ದಲ್ಲ. ಅವನಿಗೆ ಉಪಕಾರಾನೇ ಆಗಿದೆ."

ಸಭೆ ಗುಜುಗುಜು ಎಂದಿತು. ಮೇಷ್ಟ್ರ ಮುಖ ಬಿಳಿಚಿತು. "ದೊಡ್ಡ ಕೃತಿಯಮ್ಮ ಅದು. ಅದರ ಮೇಲೆ ಕೈ ಮಾಡೋಕೆ ನೀನು ಯಾರು?"

"ಯಾರೂ ಅಲ್ಲ. ಚಾಟಿಯೇಟಿನ ಪುಟಗಳಲ್ಲಿ ಒಂದಕ್ಷರ ಬದಲಾಯಿಸಲಿಲ್ಲ ನಾನು. ಅಲ್ಲಿ ಆ ಲೇಖಕ ನಿಜವಾಗಿ ಅತ್ತಿದ್ದಾನೆ, ನಾವೂ ಅತ್ವಿ. ಬರವಣಿಗೆ ಅಂದ್ರೆ ಹಾಗಿರ್ಬೇಕು. ಆದ್ರೆ ಅತ್ತು ಮುಗಿಸಿ ಗಾಡಿಯವನನ್ನ ಮತ್ತೆ ಲಾಯಕ್ಕೇ ಕಟ್ಟಿ ಬರ್ತಾನಲ್ಲ. ಏಟು ಕಂಡಿದೆ ಅವನಿಗೆ, ಏಟು ತಿಂದ ಮನುಷ್ಯ ಕಂಡಿಲ್ಲ. ಆ ಮನುಷ್ಯನಿಗೆ ಹೆಂಡತಿ ಇರಬಹುದು, ಸಿಟ್ಟು ಬರಬಹುದು, ಕಾಗದ ಕೊಟ್ರೆ ತಗೊಂಡು ಹೋಗ್ತಾನೆ ಅಂತ ನಾಲ್ಕುನೂರು ಪುಟದಲ್ಲಿ ಒಂದು ಸಲಾನೂ ಹೊಳೀಲಿಲ್ಲ. ವರ್ಣಭೇದವಾ ಅಂತ ಕೇಳಿದ್ರಿ. ಹೌದು ಮೇಷ್ಟ್ರೇ."

ಮೇಷ್ಟ್ರು ದನಿ ತಗ್ಗಿಸಿದರು. ನಿಜವಾದ ಕನಿಕರದಿಂದಲೇ ತಗ್ಗಿಸಿದರು. "ನಿನಗೆ ಅದು ಮನಸ್ಸಿಗೆ ತಗುಲಿರತ್ತೆ. ನಿನ್ನ ಬಣ್ಣಕ್ಕೆ ಜನ ಏನೇನೋ ಅಂದಿರ್ತಾರೆ. ನನಗೆ ಅರ್ಥ ಆಗತ್ತೆ. ಪಾಪ."

ಓದಕ್ಕ ಮೇಷ್ಟ್ರನ್ನೇ ನೋಡಿದಳು. ಎಂಟು ಕಡೆಯವರು ಬಂದು ಹೋದಾಗಲೂ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಆದರೂ ದನಿ ಏರಿಸಲಿಲ್ಲ. ಪರದೆಯ ಹಿಂದೆ ಕಲಿತ ದನಿಯದು, ಕೊನೆಯ ಸಾಲಿಗೆ ಮುಟ್ಟಲು ಅದು ಏರಬೇಕಿರಲಿಲ್ಲ.

"ಈಗ ಪಾಪ ಅಂದ್ರಲ್ಲ ಮೇಷ್ಟ್ರೇ, ಆ ಪುಸ್ತಕದಲ್ಲಿರೋದೂ ಅದೇ. ಮೊದಲಿಂದ ಕೊನೆವರೆಗೂ ಅದೇ."

ಪುಸ್ತಕ ತೆಗೆಯಬೇಕೆಂದು ಪತ್ರ ಬರೆದಿದ್ದ ಮಹಾಶಯ ಮುಂದಿನ ಸಾಲಿನಲ್ಲೇ ಕೂತಿದ್ದನಂತೆ. "ಹಾಗಾದ್ರೆ ಕಪಾಟಿನಿಂದ ತೆಗೆದುಬಿಡೋಣ" ಎಂದು ಉತ್ಸಾಹದಿಂದ ಎದ್ದ.

"ಯಾಕೆ ತೆಗೀಬೇಕು?" ಎಂದಳು ಓದಕ್ಕ. "ಅಲ್ಲೇ ಇರ್ಲಿ. ಮುಚ್ಚಿಡೋ ಕೆಲಸ ನಾನು ಮೂರು ತಿಂಗಳು ಮಾಡಿ ನೋಡಿದ್ದೀನಿ. ಅದರಿಂದ ಅವನ ಹೆಸರು ದೊಡ್ಡದಾಯ್ತು, ಅಷ್ಟೇ."

ಹೊರಡುವಾಗ ಮೇಷ್ಟ್ರು ಅವಳ ಕಡೆ ನೋಡಲಿಲ್ಲ. ಆ ಮೇಲೆ ಎರಡು ತಿಂಗಳು ಮಹಡಿ ಹತ್ತಲಿಲ್ಲ. ಮೂರನೆಯ ತಿಂಗಳು ಚೀಲ ಹೊತ್ತು ಬಂದರು, ಬಾಗಿಲಲ್ಲೇ ಇಟ್ಟು ಹೋದರು. ಮೊಣಕಾಲಿನ ಜೊತೆ ಮನಸ್ಸೂ ನೋಯುತ್ತಿದ್ದಿರಬೇಕು. ನೋಯಲಿ, ಸ್ವಲ್ಪ ನೋಯಬೇಕು.

ಆ ಸಭೆಯ ಮಾರನೆಯ ದಿನ, ಸೋಮವಾರ, ಓದಕ್ಕ ಬಂದಾಗ ಸ್ಟೂಲನ್ನು ಯಾರೋ ಒರೆಸಿಟ್ಟಿದ್ದರು. ಮೇಲೆ ಅದೇ ಪುಸ್ತಕ.

"ಮೊದಲ ಪುಟದಿಂದ" ಎಂದಳು ದೊಡ್ಡಮ್ಮ, ಹೊಲಿಗೆಯಿಂದ ತಲೆ ಎತ್ತದೆ. "ಒಂದಕ್ಷರ ಬಿಡಕೂಡದು. ನಿನ್ನ ಮಾತು ಹೇಳ್ಬೇಕು ಅನ್ನಿಸಿದ್ರೆ ಪುಸ್ತಕ ಮುಚ್ಚಿ ಹೇಳು. ಯಾವುದು ಯಾರದು ಅಂತ ನಮಗೆ ಗೊತ್ತಾಗ್ಬೇಕು."

"ಮತ್ತೆ ನನ್ನ ಕಾಜಾ?"

"ಹಾಕ್ತೀವಿ ಬಿಡು. ಎರಡು ದಿನ ನೀನು ಹಾಕಿದ್ದನ್ನ ಚೆಕಿಂಗ್‌ನವಳು ಅರ್ಧಕ್ಕರ್ಧ ವಾಪಸ್ ಕಳಿಸಿದ್ದಾಳೆ. ನಿನ್ನ ಕೆಲಸ ನಮಗೆ ಬೇಡ."

ಕೋಣೆ ನಕ್ಕಿತು. ಚೆಕಿಂಗ್‌ನವಳೂ ಸೀಮೆಸುಣ್ಣ ಹಿಡಿದ ಕೈಯಲ್ಲಿ ಬಾಯಿ ಮುಚ್ಚಿ ನಕ್ಕಳು.

ಹದಿಮೂರನೆಯ ಪುಟದ ಕೋತಿಯನ್ನು ಅವಳು ಈ ಸಲ ಗಟ್ಟಿಯಾಗಿ ಓದಿದಳು. ಮತ್ತೆ ಮೂರು ತಿಂಗಳು ಹಿಡಿಯಿತು. ನಡುನಡುವೆ ಪುಸ್ತಕ ಮುಚ್ಚುತ್ತಿತ್ತು, ಜಗಳವಾಗುತ್ತಿತ್ತು, ಒಬ್ಬಿಬ್ಬರು ಲೇಖಕನ ಪರ ವಹಿಸುತ್ತಿದ್ದರು, ಪುಸ್ತಕ ಮತ್ತೆ ತೆರೆಯುತ್ತಿತ್ತು.

ಕೊನೆಯ ಪುಟ ಬಂದದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ. ನ್ಯಾಯಾಧೀಶ ಕಾಗದ ಹಿಡಿದು ಕೈ ಚಾಚಿದ. ಓದಕ್ಕ ಅಕ್ಷರ ಬಿಡದೆ ಓದಿದಳು. ಗಾಡಿಯವನು ಕಾಗದವನ್ನು ದೂಡಿದ. ಮಂಡಿಯೂರಿದ. "ನಿಮ್ಮನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ ದಣಿ" ಎಂದ. ಅವಳು ಪುಸ್ತಕ ಮುಚ್ಚಿದಳು, ತನ್ನ ಮಾತು ಹೇಳುವುದಕ್ಕೆ.

ಹೇಳಬೇಕಾಗಲಿಲ್ಲ. ಎಂದೂ ತಲೆ ಎತ್ತದ ಆ ಮೂಲೆಯವಳು ಸೂಜಿ ಕೆಳಗಿಟ್ಟಿದ್ದಳು.

"ಕಾಗದ ಈಸ್ಕೊಳ್ಳೋ" ಎಂದಳು.

"ಏಳೋ ಮೇಲೆ" ಎಂದಳು ಅವಳ ಪಕ್ಕದವಳು.

"ನಿನ್ನ ಹೆಂಡ್ತಿ ಕಾಯ್ತಿದ್ದಾಳೆ ಕಣೋ" ಎಂದು ಇನ್ನೊಂದು ಮೇಜಿನಿಂದ ಯಾರೋ ಕೂಗಿದರು.

ಗಾಡಿಯವನು ಏಳಲಿಲ್ಲ. ಅವನನ್ನು ಬರೆದವನು ಅವನಿಗೆ ಏಳುವ ಕಾಲು ಕೊಟ್ಟಿರಲಿಲ್ಲ. ಇಪ್ಪತ್ತೊಂದು ಜನರೂ ಸೂಜಿ ಕೆಳಗಿಟ್ಟು, ಆ ಮುಚ್ಚಿದ ಪುಸ್ತಕದ ಕಡೆ ತಿರುಗಿ, ಅವನ ಬದಲು ತಾವೇ ಹೇಳಿದರು: "ಕಾಗದ ಕೊಡಿ. ಗಾಡಿ ಕಟ್ಟಿ ಆಗಿದೆ."